ದೂರವೆಷ್ಟು? ಹೊತ್ತೆಷ್ಟು?

ಒಂದೂರಿನಿಂದ ಮತ್ತೊಂದೂರಿಗೆ ದೂರವೆಷ್ಟು ಎಂಬ ಪ್ರಶ್ನೆ ಮನುಷ್ಯನು ಪಯಣ ಹೊರಟಂದಿನಿಂದಲೂ ಇದೆ. ನಮ್ಮ ಹಿರಿಯರು ಹತ್ತಿರದ ದೂರವನ್ನು ಕೂಗಳತೆಯೆಂದು ಹೇಳುತ್ತಿದ್ದರು. ಅದನ್ನು ಮೀರಿದ್ದನ್ನು ಹರದಾರಿ, ಗಾವುದಗಳಲ್ಲಿ ಎಣಿಸುತ್ತಿದ್ದರು. ಆದರೆ ದಾರಿಹೋಕನೊಬ್ಬನು ಎತ್ತಿನ ಗಾಡಿಯವನನ್ನು ತಡೆದು ಕೇಳಿದರೆ ಅವನು ಹರದಾರಿಯ ಲೆಕ್ಕಕ್ಕೆ ಹೋಗುತ್ತಿರಲಿಲ್ಲ. "ಹೊತ್ತು ಮುಳುಗುವುದರೊಳಗೆ ಸೇರಿಕೊಳ್ಳಬಹುದು" ಎಂದುಬಿಡುತ್ತಿದ್ದನು. ಎತ್ತುಗಳ ದಣಿವು, ದಾರಿಯ ಏರಿಳಿತ, ನಡುವೆ ಅಡ್ಡಬರುವ ಹೊಳೆಯ ಸೆಳವು ಇವೆಲ್ಲವನ್ನೂ ತೂಗಿ ನೋಡಿಯೇ ಅವನು ಆ ಒಂದು ಮಾತನ್ನು ಆಡುತ್ತಿದ್ದನು. ಪಯಣಿಗನಿಗೆ ಬೇಕಾದ ಉತ್ತರವೂ ಅದೇ ಆಗಿತ್ತು.

ಈಗ ಎತ್ತಿನ ಗಾಡಿಯ ಸ್ಥಾನದಲ್ಲಿ ವಿಮಾನ ಬಂದಿದೆ. ಗಾವುದದ ಬದಲು ಸಾವಿರಾರು ಕಿಲೋಮೀಟರುಗಳ ಮಾತು ನಡೆಯುತ್ತದೆ. ಆದರೂ ಎರಡು ಊರುಗಳ ನಡುವಣ ದೂರ ಬೇರೆ, ಆ ದೂರವನ್ನು ಸಾಗಲು ಬೇಕಾಗುವ ಹೊತ್ತು ಬೇರೆ ಎಂಬ ಆ ಗಾಡಿಯವನ ತಿಳಿವಳಿಕೆ ಸುಳ್ಳಾಗಿಲ್ಲ. ಅದು ಹೇಗೆಂಬುದನ್ನು ಬೆಂಗಳೂರು ಮತ್ತು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರಗಳ ಉದಾಹರಣೆಯಿಂದ ತಿಳಿಯಬಹುದು. ಸ್ಯಾನ್ ಫ್ರಾನ್ಸಿಸ್ಕೊ ಶಾಂತಸಾಗರದ ದಡದ ಮೇಲಿರುವ ಊರು. ಅದರ ದಕ್ಷಿಣಕ್ಕಿರುವ ಸಿಲಿಕಾನ್ ಕಣಿವೆಯಲ್ಲಿ ಸಾವಿರಾರು ಕನ್ನಡಿಗರು ನೆಲಸಿದ್ದಾರೆ. ಮಗನೋ ಮಗಳೋ ಅಲ್ಲಿದ್ದು, ವಯಸ್ಸಾದ ತಂದೆತಾಯಿಗಳು ಇಲ್ಲಿರುವ ಮನೆಗಳು ಕರ್ನಾಟಕದಲ್ಲಿ ಎಷ್ಟೋ ಇವೆ. ಇಲ್ಲಿ ತಾಯಿ ಹಾಸಿಗೆ ಹಿಡಿದ ಸುದ್ದಿ ಅಲ್ಲಿಗೆ ಮುಟ್ಟಲು ಒಂದು ಕ್ಷಣ ಸಾಕು; ಸುದ್ದಿ ಕೇಳಿದ ಮಗ ತಾಯಿಯ ಬಳಿಗೆ ಬಂದು ನಿಲ್ಲಲು ಎಷ್ಟು ಹೊತ್ತು ಬೇಕು? ಅಂಥ ಮನೆಗಳಲ್ಲಿ ದೂರ, ಹೊತ್ತು ಎಂಬುವು ಪುಸ್ತಕದ ಲೆಕ್ಕಗಳಾಗಿ ಉಳಿಯುವುದಿಲ್ಲ.

ಹಿಂದಿನ ಕಾಲವನ್ನು ಸ್ವಲ್ಪ ನೆನೆಯೋಣ. 1892ರಲ್ಲಿ ಮೈಸೂರಿನ ಮಹಾರಾಜ ಚಾಮರಾಜೇಂದ್ರ ಒಡೆಯರ ಅತಿಥಿಯಾಗಿದ್ದ ಸ್ವಾಮಿ ವಿವೇಕಾನಂದರು ಮರುವರ್ಷ ಅಮೆರಿಕಕ್ಕೆ ಹೊರಟರು. 1893ರ ಮೇ 31ರಂದು ಅವರು ಮುಂಬಯಿಯಲ್ಲಿ ಹಡಗು ಹತ್ತಿದರು. ಕೊಲಂಬೊ, ಪೆನಾಂಗ್, ಸಿಂಗಪುರ, ಹಾಂಗ್‌ಕಾಂಗ್‌ಗಳನ್ನು ಹಾದು ಜಪಾನನ್ನು ಕಂಡು, ಯೊಕೊಹಾಮದಲ್ಲಿ ಬೇರೊಂದು ಹಡಗನ್ನೇರಿ ಶಾಂತಸಾಗರವನ್ನು ದಾಟಿದರು. ಉತ್ತರ ಅಮೆರಿಕದ ಪಶ್ಚಿಮ ತೀರದ ವ್ಯಾಂಕೂವರ್ ಬಂದರಿನಲ್ಲಿ ಅವರು ಕಾಲಿಟ್ಟದ್ದು ಜುಲೈ 25ರಂದು. ನಡುವಣ ತಂಗುದಾಣಗಳೂ ಸೇರಿ ಆ ಪಯಣಕ್ಕೆ ಹಿಡಿದದ್ದು 55 ದಿನ.

ಸುಮಾರು ನಲವತ್ತು ವರ್ಷಗಳ ತರುವಾಯ ಭಾರತದ ಆಕಾಶದಲ್ಲಿ ಟಾಟಾ ಅವರ ಅಂಚೆಯ ವಿಮಾನ ಹಾರಿತು. 1932ರ ಅಕ್ಟೋಬರ್ 15ರಂದು ಜೆ. ಆರ್. ಡಿ. ಟಾಟಾ ಅವರು ಪುಸ್ ಮಾತ್ ಎಂಬ ಒಂಟಿ ಎಂಜಿನಿನ ಪುಟ್ಟ ವಿಮಾನದಲ್ಲಿ ಅಂಚೆಯ ಚೀಲಗಳನ್ನಿರಿಸಿಕೊಂಡು ಒಬ್ಬರೇ ಕರಾಚಿಯಿಂದ ಹೊರಟರು. ಅಹಮದಾಬಾದಿನಲ್ಲಿ ಇಳಿದು, ಮತ್ತೆ ಹಾರಿ, ಮುಂಬಯಿಯ ಜುಹು ಬಯಲನ್ನು ಮುಟ್ಟಿದರು. ಅಲ್ಲಿಂದ ಮುಂದೆ ನೆವಿಲ್ ವಿನ್ಸೆಂಟ್ ಎಂಬುವರು ಬಳ್ಳಾರಿಯ ಮಾರ್ಗವಾಗಿ ಅಂಚೆಯನ್ನು ಮದರಾಸಿಗೆ ಕೊಂಡೊಯ್ದರು. ಆ ವಿಮಾನದ ವೇಗ ಗಂಟೆಗೆ ಸುಮಾರು 160 ಕಿಲೋಮೀಟರ್. ಬೆಂಗಳೂರಿಗೂ ಸ್ಯಾನ್ ಫ್ರಾನ್ಸಿಸ್ಕೊವಿಗೂ ನಡುವೆ ಇರುವ 14,000 ಕಿಲೋಮೀಟರುಗಳನ್ನು ಅದೇ ವೇಗದಲ್ಲಿ ಒಂದೇ ಸಮನೆ ಸಾಗುವುದಾದರೆ ಎಂಬತ್ತೇಳೂವರೆ ಗಂಟೆ ಬೇಕಾಗುತ್ತಿತ್ತು. ಎಂದರೆ ಮೂರು ದಿನಕ್ಕಿಂತ ಹೆಚ್ಚು. ಆ ಪುಟ್ಟ ಅಂಚೆಯ ವಿಮಾನದಿಂದ ಬೆಳೆದು ಬಂದ ಸಂಸ್ಥೆಯೇ ಏರ್ ಇಂಡಿಯ.

2021ರ ಜನವರಿ 9, ಶನಿವಾರ ರಾತ್ರಿ ಎಂಟೂವರೆ ಗಂಟೆಗೆ ಅದೇ ಸಂಸ್ಥೆಯ ಬೋಯಿಂಗ್ 777 ವಿಮಾನವೊಂದು ಸ್ಯಾನ್ ಫ್ರಾನ್ಸಿಸ್ಕೊವಿನಿಂದ ಮೇಲೇರಿತು. ನಡುವೆ ಎಲ್ಲಿಯೂ ಇಳಿಯದೆ ನೇರವಾಗಿ ಬೆಂಗಳೂರನ್ನು ಮುಟ್ಟುವುದು ಅದರ ಗುರಿ. ಈ ಎರಡು ನಗರಗಳ ನಡುವೆ ಏರ್ ಇಂಡಿಯ ನಡೆಸಿದ ಮೊದಲ ನೇರ ಪಯಣ ಅದು. ವಿಮಾನವನ್ನು ನಡೆಸಿದವರೆಲ್ಲರೂ ಮಹಿಳೆಯರು. ಕ್ಯಾಪ್ಟನ್ ಜೋಯಾ ಅಗರ್ವಾಲ್ ಅವರ ನೇತೃತ್ವದಲ್ಲಿ ತನ್ಮಯಿ ಪಾಪಗಾರಿ, ಆಕಾಂಕ್ಷಾ ಸೋನಾವರೆ, ಶಿವಾನಿ ಮನ್ಹಾಸ್ ಎಂಬ ವೈಮಾನಿಕರಿದ್ದರು. ಉತ್ತರ ಧ್ರುವದ ಮೇಲಿನಿಂದ ಹಾದು ಬಂದ ಆ ವಿಮಾನ ಸುಮಾರು 17 ಗಂಟೆಗಳ ತರುವಾಯ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಇಳಿಯಿತು. ಐವತ್ತೈದು ದಿನಗಳ ದಾರಿ ಹದಿನೇಳು ಗಂಟೆಗಳ ದಾರಿಯಾಗಿತ್ತು.

ಇಲ್ಲಿ ಒಂದು ಸಂದೇಹ ಏಳುವುದು ಸಹಜ. ಶಾಲೆಯ ಗೋಡೆಗೆ ತೂಗುಹಾಕಿರುವ ಪ್ರಪಂಚದ ಭೂಪಟದಲ್ಲಿ ಬೆಂಗಳೂರು ಒಂದು ಕಡೆ, ಸ್ಯಾನ್ ಫ್ರಾನ್ಸಿಸ್ಕೊ ಇನ್ನೊಂದು ಕಡೆ ಇವೆ. ಪೂರ್ವಕ್ಕೆ ನೇರವಾಗಿ ಗೆರೆಯೆಳೆದರೆ ಶಾಂತಸಾಗರವನ್ನು ದಾಟಿ ಆ ಊರನ್ನು ಸೇರಬಹುದು. ಹೀಗಿರಲು, ವಿಮಾನವು ಉತ್ತರದ ಮಂಜಿನ ನಾಡಿಗೆ ಹೋಗಿ ಏಕೆ ಸುತ್ತಿಕೊಂಡು ಬರಬೇಕು?

ಇದಕ್ಕೆ ಉತ್ತರವನ್ನು ಭೂಪಟದಲ್ಲಿ ಹುಡುಕಿದರೆ ಸಿಕ್ಕುವುದಿಲ್ಲ. ಮೇಜಿನ ಮೇಲಿರುವ ಗೋಲದಲ್ಲಿ ಹುಡುಕಬೇಕು. ಭೂಮಿ ಗುಂಡಾಗಿದೆ, ಕಾಗದ ಚಪ್ಪಟೆಯಾಗಿದೆ. ಕಿತ್ತಳೆಯ ಸಿಪ್ಪೆಯನ್ನು ಸುಲಿದು ಮೇಜಿನ ಮೇಲೆ ಒತ್ತಿದರೆ ಅದು ಹರಿಯದೆ ಹರಡುವುದಿಲ್ಲ. ಹಾಗೆಯೇ ಗುಂಡಾದ ಭೂಮಿಯನ್ನು ಕಾಗದದ ಮೇಲೆ ಹರಡಬೇಕಾದರೆ ಎಲ್ಲಿಯೋ ಹಿಗ್ಗಿಸಲೇಬೇಕು. 1569ರಲ್ಲಿ ಮರ್ಕೇಟರ್ ಎಂಬ ಭೂಪಟಕಾರನು ರಚಿಸಿದ ಪ್ರಸಿದ್ಧ ನಕ್ಷೆಯಲ್ಲಿ ಧ್ರುವಗಳ ಕಡೆಗೆ ಹೋದಂತೆ ಭೂಭಾಗಗಳು ಹಿಗ್ಗುತ್ತವೆ. ಅದರಲ್ಲಿ ಗ್ರೀನ್‌ಲೆಂಡ್ ಆಫ್ರಿಕದಷ್ಟೇ ದೊಡ್ಡದಾಗಿ ಕಾಣುತ್ತದೆ. ನಿಜವಾಗಿ ನೋಡಿದರೆ ಆಫ್ರಿಕ ಗ್ರೀನ್‌ಲೆಂಡಿನ ಹದಿನಾಲ್ಕರಷ್ಟಿದೆ. ನಾವಿಕರಿಗೆ ದಿಕ್ಕನ್ನು ತೋರಿಸಲೆಂದು ಮಾಡಿದ ಆ ನಕ್ಷೆ ತನ್ನ ಕೆಲಸವನ್ನು ಚೆನ್ನಾಗಿ ಮಾಡಿತು. ದೂರವನ್ನು ಅಳೆಯಲು ಅದನ್ನು ಬಳಸಿದರೆ ತಪ್ಪು ನಕ್ಷೆಯದಾಗುವುದಿಲ್ಲ.

ಗೋಲದ ಮೇಲೆ ಎರಡು ರೇಖಾಂಶಗಳ ನಡುವಣ ಅಂತರ ಎಲ್ಲ ಕಡೆಯೂ ಒಂದೇ ಅಲ್ಲ. ಸಮಭಾಜಕ ವೃತ್ತದ ಮೇಲೆ ಒಂದು ಅಂಶಕ್ಕೆ ಸುಮಾರು 111 ಕಿಲೋಮೀಟರ್ ಆದರೆ, 60ನೆಯ ಅಕ್ಷಾಂಶದ ಮೇಲೆ ಅದರ ಅರ್ಧದಷ್ಟಾಗುತ್ತದೆ. ಧ್ರುವದಲ್ಲಿ ಎಲ್ಲ ರೇಖಾಂಶಗಳೂ ಒಂದೇ ಬಿಂದುವಿನಲ್ಲಿ ಕೂಡಿಬಿಡುತ್ತವೆ. ಆದುದರಿಂದ ಭೂಮಿಯ ಒಂದು ಮಗ್ಗುಲಿನಿಂದ ಇನ್ನೊಂದು ಮಗ್ಗುಲಿಗೆ ಹೋಗುವವನಿಗೆ ಧ್ರುವದ ಕಡೆಯ ದಾರಿಯೇ ಹತ್ತಿರ. ಗೋಲದ ಮೇಲೆ ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊವಿಗೆ ಒಂದು ದಾರವನ್ನು ಬಿಗಿಯಾಗಿ ಹಿಡಿದು ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ. ದಾರವು ಶಾಂತಸಾಗರದ ನಡುವೆ ಹೋಗುವುದಿಲ್ಲ. ಅದು ಹಿಮಾಲಯ, ಟಿಬೆಟ್, ಮಂಗೋಲಿಯ, ಸೈಬೀರಿಯಗಳನ್ನು ದಾಟಿ, ಆರ್ಕ್ಟಿಕ್ ಸಾಗರದ ಅಂಚನ್ನು ಮುಟ್ಟಿ, ಅಲಾಸ್ಕದ ಮೇಲಿನಿಂದ ಇಳಿದು ಬರುತ್ತದೆ. ಬಿಗಿದು ಹಿಡಿದ ಈ ದಾರದ ದಾರಿಗೆ 'ಮಹಾವೃತ್ತದ ಮಾರ್ಗ' ಎಂದು ಹೆಸರು. ಭೂಮಿಯ ಕೇಂದ್ರವನ್ನೇ ತನ್ನ ಕೇಂದ್ರವಾಗಿ ಉಳ್ಳ ವೃತ್ತವೇ ಮಹಾವೃತ್ತ. ಗೋಲದ ಮೇಲಿನ ಎರಡು ಬಿಂದುಗಳ ನಡುವೆ ಅತಿ ಕಿರಿದಾದ ದಾರಿ ಅಂಥ ವೃತ್ತದ ಒಂದು ಕಂಸವೇ ಆಗಿರುತ್ತದೆ. ಮರ್ಕೇಟರನ ನಕ್ಷೆಯ ಮೇಲೆ ಅಡಿಕೋಲಿಟ್ಟು ಎಳೆದ ದಾರಿಯಲ್ಲಿ ಹೋದರೆ ಎರಡು ನಗರಗಳ ನಡುವೆ 16,000 ಕಿಲೋಮೀಟರಿಗೂ ಹೆಚ್ಚು. ಮಹಾವೃತ್ತದ ಮಾರ್ಗದಲ್ಲಿ ಸುಮಾರು 14,000. ಕಾಗದದಲ್ಲಿ ನೇರವಾಗಿ ಕಂಡದ್ದು ಭೂಮಿಯಲ್ಲಿ ಬಳಸುದಾರಿಯಾಯಿತು. ಕಾಗದದಲ್ಲಿ ಬಾಗಿ ಕಂಡದ್ದು ಭೂಮಿಯಲ್ಲಿ ನೇರದಾರಿಯಾಯಿತು.

ಹಾಗಾದರೆ ಉತ್ತರ ಧ್ರುವದ ಮೇಲೆಯೇ ಹೋಗುವುದಾದರೆ ಎಷ್ಟು ದೂರವಾದೀತು? ಈ ಲೆಕ್ಕ ಬಹಳ ಸುಲಭ. ಬೆಂಗಳೂರಿನ ವಿಮಾನ ನಿಲ್ದಾಣ ಸುಮಾರು 13.2 ಅಂಶ ಉತ್ತರ ಅಕ್ಷಾಂಶದಲ್ಲಿದೆ. ಅಲ್ಲಿಂದ ಧ್ರುವಕ್ಕೆ 76.8 ಅಂಶ. ಸ್ಯಾನ್ ಫ್ರಾನ್ಸಿಸ್ಕೊವಿನ ನಿಲ್ದಾಣ 37.6 ಅಂಶದಲ್ಲಿದೆ, ಅಲ್ಲಿಂದ ಧ್ರುವಕ್ಕೆ 52.4 ಅಂಶ. ಎರಡನ್ನೂ ಕೂಡಿದರೆ 129.2 ಅಂಶ. ಒಂದು ಅಂಶಕ್ಕೆ 111.2 ಕಿಲೋಮೀಟರಿನಂತೆ ಗುಣಿಸಿದರೆ ಸುಮಾರು 14,370 ಕಿಲೋಮೀಟರ್. ಅತಿ ಕಿರಿದಾದ ದಾರಿಗಿಂತ ಇದು 370 ಕಿಲೋಮೀಟರಿನಷ್ಟು ಮಾತ್ರ ಉದ್ದ. ವಿಮಾನಕ್ಕೆ ಅದು ಅರ್ಧ ಗಂಟೆಯೊಳಗಿನ ಮಾತು. ಆದರೂ ಅರ್ಧ ಗಂಟೆಯನ್ನು ವೃಥಾ ಕಳೆಯಲು ಯಾವ ವೈಮಾನಿಕನೂ ಒಪ್ಪುವುದಿಲ್ಲ. ಕಿರಿದಾದ ದಾರಿಯನ್ನು ಬಿಟ್ಟು ಹಿರಿದಾದ ದಾರಿಯನ್ನು ಹಿಡಿಯಬೇಕಾದರೆ ಅದಕ್ಕೆ ಬಲವಾದ ಕಾರಣವಿರಲೇಬೇಕು. ಆ ಕಾರಣಗಳಲ್ಲಿ ಮುಖ್ಯವಾದುದು ಗಾಳಿ.

ನೆಲದಿಂದ ಒಂಬತ್ತು, ಹತ್ತು, ಹನ್ನೆರಡು ಕಿಲೋಮೀಟರುಗಳ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ಗಾಳಿಯ ಹೊಳೆಗಳಿವೆ. ಇವನ್ನು ಜೆಟ್ ವಾಯುಪ್ರವಾಹಗಳೆಂದು ಕರೆಯುತ್ತಾರೆ. ಇವುಗಳ ವೇಗ ಸಾಮಾನ್ಯವಾಗಿ ಗಂಟೆಗೆ ನೂರರಿಂದ ಇನ್ನೂರು ಕಿಲೋಮೀಟರ್. ಚಳಿಗಾಲದಲ್ಲಿ ಒಮ್ಮೊಮ್ಮೆ ಮುನ್ನೂರನ್ನೂ ಮೀರುವುದುಂಟು. ಜಪಾನಿನ ವಾಸಾಬುರೊ ಓಯಿಶಿ ಎಂಬ ಹವಾಮಾನ ವಿಜ್ಞಾನಿ 1920ರ ದಶಕದಲ್ಲಿ ಬಲೂನುಗಳನ್ನು ಹಾರಿಬಿಟ್ಟು, ಅವು ಸಾಗುವ ವೇಗವನ್ನು ಅಳೆದು, ಇಂಥ ಪ್ರಬಲವಾದ ಗಾಳಿ ಇದೆಯೆಂದು ಕಂಡುಕೊಂಡನು. ತನ್ನ ಮಾತು ಎಲ್ಲ ದೇಶಗಳಿಗೂ ತಲಪಲೆಂದು ಅವನು 1926ರಲ್ಲಿ ಅದನ್ನು ಎಸ್ಪೆರಾಂಟೊ ಎಂಬ ಹೊಸದಾಗಿ ಕಟ್ಟಿದ ವಿಶ್ವಭಾಷೆಯಲ್ಲಿ ಪ್ರಕಟಿಸಿದನು. ಎಲ್ಲರಿಗೂ ಸೇರಲೆಂದು ಆರಿಸಿಕೊಂಡ ಭಾಷೆಯನ್ನು ಓದಬಲ್ಲವರೇ ವಿರಳವಾಗಿದ್ದುದರಿಂದ ಹೊರಗಿನ ಪ್ರಪಂಚ ಅದನ್ನು ಗಮನಿಸಲೇ ಇಲ್ಲ. 1944ರಲ್ಲಿ, ಎರಡನೆಯ ಮಹಾಯುದ್ಧದ ಕಾಲದಲ್ಲಿ, ಜಪಾನಿನ ಮೇಲೆ ಎತ್ತರದಲ್ಲಿ ಹಾರಿದ ಅಮೆರಿಕದ ವಿಮಾನಗಳು ಆ ಗಾಳಿಗೆ ಸಿಕ್ಕಿದಾಗಲೇ ಅದರ ಬಲ ಎಲ್ಲರಿಗೂ ಮನದಟ್ಟಾಯಿತು.

ಈ ಗಾಳಿ ಪಯಣದ ಹೊತ್ತನ್ನು ಎಷ್ಟು ಬದಲಿಸಬಲ್ಲುದು? ವಿಮಾನದ ವೇಗ ಗಂಟೆಗೆ 900 ಕಿಲೋಮೀಟರ್ ಎಂದಿಟ್ಟುಕೊಳ್ಳೋಣ. ಗಾಳಿಯೇ ಇಲ್ಲದಿದ್ದರೆ 14,000 ಕಿಲೋಮೀಟರಿಗೆ ಸುಮಾರು ಹದಿನೈದೂವರೆ ಗಂಟೆ ಸಾಕು. ಗಂಟೆಗೆ 100 ಕಿಲೋಮೀಟರ್ ವೇಗದ ಗಾಳಿ ಬೆನ್ನಿಗಿದ್ದರೆ ನೆಲದ ಲೆಕ್ಕದಲ್ಲಿ ವಿಮಾನದ ವೇಗ 1,000 ಆಗಿ, ಹದಿನಾಲ್ಕು ಗಂಟೆಗಳಲ್ಲಿ ಊರು ಸಿಗುತ್ತದೆ. ಅದೇ ಗಾಳಿ ಎದುರಿಗಿದ್ದರೆ ವೇಗ 800ಕ್ಕೆ ಇಳಿದು, ಹದಿನೇಳೂವರೆ ಗಂಟೆ ಬೇಕಾಗುತ್ತದೆ. ಹೋಗುವಾಗಿನ ಲಾಭ ಬರುವಾಗಿನ ನಷ್ಟಕ್ಕೆ ಸಮನಾಗುವುದೆಂದು ಭಾವಿಸಬಾರದು. ಗಾಳಿಯಿಲ್ಲದ ದಿನ ಹೋಗಿಬರಲು ಒಟ್ಟು 31 ಗಂಟೆ 7 ನಿಮಿಷ ಬೇಕಾದರೆ, ಗಾಳಿಯಿರುವ ದಿನ 31 ಗಂಟೆ 30 ನಿಮಿಷ ಬೇಕು. ಎದುರುಗಾಳಿಯಲ್ಲಿ ವಿಮಾನ ಹೆಚ್ಚು ಹೊತ್ತು ಇರಬೇಕಾಗುತ್ತದೆ; ಆದ್ದರಿಂದ ನಷ್ಟದ ತಕ್ಕಡಿಯೇ ತುಸು ತೂಗುತ್ತದೆ. ಹೊಳೆಯಲ್ಲಿ ಹರಿಗೋಲು ನಡೆಸುವ ಅಂಬಿಗನಿಗೆ ಈ ಮಾತನ್ನು ಯಾರೂ ಕಲಿಸಬೇಕಾಗಿಲ್ಲ.

ಸ್ಯಾನ್ ಫ್ರಾನ್ಸಿಸ್ಕೊವಿನಿಂದ ಬೆಂಗಳೂರಿಗೆ ಕಿರಿದಾದ ದಾರಿಯಲ್ಲಿ ಬರುವ ವಿಮಾನವು ಅಲಾಸ್ಕ, ಸೈಬೀರಿಯಗಳ ಮೇಲೆ ಪಶ್ಚಿಮಾಭಿಮುಖವಾಗಿ ಸಾಗಬೇಕು; ಪಡುವಣ ಗಾಳಿಗೆ ಎದೆಯೊಡ್ಡಬೇಕು. ಧ್ರುವದ ದಾರಿಯಲ್ಲಾದರೆ ಅದು ಉತ್ತರಕ್ಕೆ ಏರಿ ದಕ್ಷಿಣಕ್ಕೆ ಇಳಿಯುತ್ತದೆ; ಗಾಳಿಯ ಹೊಳೆಯನ್ನು ಎದುರಿಸದೆ ಅಡ್ಡಹಾಯುತ್ತದೆ. ಗಾಳಿಯಿಲ್ಲದ 14,370 ಕಿಲೋಮೀಟರುಗಳಿಗೆ ಸುಮಾರು ಹದಿನಾರು ಗಂಟೆ. ಎದುರುಗಾಳಿಯ 14,000 ಕಿಲೋಮೀಟರುಗಳಿಗೆ ಹದಿನೇಳೂವರೆ ಗಂಟೆ. ಉದ್ದವಾದ ದಾರಿಯೇ ಬೇಗನೆ ಮುಗಿಯಿತು. ಗಾಳಿ ದಿನದಿನಕ್ಕೂ ಬದಲಾಗುವುದರಿಂದ ವಿಮಾನದ ದಾರಿಯನ್ನೂ ದಿನದಿನವೂ ಹೊಸದಾಗಿ ಲೆಕ್ಕಹಾಕುತ್ತಾರೆ. ಇನ್ನೊಂದು ಕಾರಣವೂ ಉಂಟು. ಹಾರುವ ವಿಮಾನದೊಳಗಿನ ವಾಯುವಿನ ಒತ್ತಡ ಕಡಿಮೆಯಾದರೆ, ಉಸಿರಾಟಕ್ಕೆ ತೊಂದರೆಯಾಗದಂತೆ ವಿಮಾನವು ಬೇಗನೆ ಮೂರು ಕಿಲೋಮೀಟರಿನಷ್ಟು ಎತ್ತರಕ್ಕೆ ಇಳಿಯಬೇಕಾಗುತ್ತದೆ. ಟಿಬೆಟ್ ಪ್ರಸ್ಥಭೂಮಿಯ ನೆಲವೇ ನಾಲ್ಕು ಕಿಲೋಮೀಟರುಗಳಿಗಿಂತ ಎತ್ತರದಲ್ಲಿದೆ. ಇಳಿಯಲು ಎಡೆಯಿಲ್ಲದ ಆ ನಾಡಿನ ಮೇಲೆ ಹಾರುವುದನ್ನು ವಿಮಾನಗಳು ಸಾಮಾನ್ಯವಾಗಿ ತಪ್ಪಿಸುತ್ತವೆ.

ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತದೆಯಲ್ಲವೆ? ಹಾಗಿದ್ದರೆ ವಿಮಾನವು ಆಕಾಶದಲ್ಲಿ ಸುಮ್ಮನೆ ನಿಂತಿದ್ದರೂ ಪಶ್ಚಿಮದ ಊರು ತಾನಾಗಿ ಕೆಳಗೆ ಬರಬಾರದೇಕೆ? ಅನೇಕರ ಮನಸ್ಸಿನಲ್ಲಿ ಈ ಪ್ರಶ್ನೆ ಸುಳಿಯುತ್ತದೆ. ಸಮಭಾಜಕ ವೃತ್ತದ ಬಳಿ ನೆಲವು ಗಂಟೆಗೆ ಸುಮಾರು 1,670 ಕಿಲೋಮೀಟರ್ ವೇಗದಲ್ಲಿ ಪೂರ್ವಕ್ಕೆ ಓಡುತ್ತಿರುವುದು ನಿಜ. ಆದರೆ ವಾಯುಮಂಡಲವೂ ಭೂಮಿಯೊಡನೆಯೇ ತಿರುಗುತ್ತದೆ. ನೆಲದ ಮೇಲೆ ನಿಂತ ವಿಮಾನವೂ ಆ ವೇಗವನ್ನು ಪಡೆದೇ ಇರುತ್ತದೆ. ಮೇಲೇರಿದ ಮಾತ್ರಕ್ಕೆ ಅದು ಕಳೆದುಹೋಗುವುದಿಲ್ಲ. ಓಡುವ ರೈಲಿನೊಳಗೆ ನೆಗೆದ ಹುಡುಗ ನೆಗೆದ ಸ್ಥಳದಲ್ಲಿಯೇ ಇಳಿಯುತ್ತಾನೆ. ಆದುದರಿಂದ ಪೂರ್ವ, ಪಶ್ಚಿಮ ಪಯಣಗಳ ಹೊತ್ತಿನ ವ್ಯತ್ಯಾಸಕ್ಕೆ ಕಾರಣ ಬೀಸುವ ಗಾಳಿ, ತಿರುಗುವ ನೆಲವಲ್ಲ.

ಇನ್ನು ಗಡಿಯಾರದ ಒಗಟು. ಆ ವಿಮಾನ ಹೊರಟದ್ದು ಶನಿವಾರ ರಾತ್ರಿ ಎಂಟೂವರೆಗೆ. ಬೆಂಗಳೂರಿನಲ್ಲಿ ಇಳಿದದ್ದು ಸೋಮವಾರ ಬೆಳಗಿನ ಜಾವ ಮೂರು ಗಂಟೆಯ ಸುಮಾರಿಗೆ. ಗೋಡೆಯ ಗಡಿಯಾರಗಳನ್ನು ನಂಬಿದರೆ ಮೂವತ್ತೂವರೆ ಗಂಟೆ ಕಳೆದಂತಾಯಿತು. ಆದರೆ ಚಳಿಗಾಲದಲ್ಲಿ ಭಾರತದ ಗಡಿಯಾರ ಸ್ಯಾನ್ ಫ್ರಾನ್ಸಿಸ್ಕೊವಿನ ಗಡಿಯಾರಕ್ಕಿಂತ ಹದಿಮೂರೂವರೆ ಗಂಟೆ ಮುಂದಿರುತ್ತದೆ. ಅದನ್ನು ಕಳೆದರೆ ಉಳಿಯುವುದು ಹದಿನೇಳು ಗಂಟೆ. ಅದೇ ನಿಜವಾದ ಪಯಣದ ಹೊತ್ತು. ಇದಕ್ಕೆ ವಿರುದ್ಧವಾಗಿ, ಚಳಿಗಾಲದ ಒಂದು ದಿನ ಮಧ್ಯಾಹ್ನ ಎರಡೂವರೆಗೆ ಬೆಂಗಳೂರನ್ನು ಬಿಟ್ಟು ಹದಿನಾರು ಗಂಟೆ ಹಾರಿದ ವಿಮಾನವು ಅದೇ ದಿನ ಸಂಜೆ ಐದಕ್ಕೆ ಸ್ಯಾನ್ ಫ್ರಾನ್ಸಿಸ್ಕೊವಿನಲ್ಲಿ ಇಳಿಯುತ್ತದೆ. ಗೋಡೆಯ ಗಡಿಯಾರಕ್ಕೆ ಅದು ಎರಡೂವರೆ ಗಂಟೆಯ ಪಯಣ! ಮೊದಲನೆಯ ಪಯಣಿಗರ ಭಾನುವಾರ ಆಕಾಶದಲ್ಲಿಯೇ ಮುಗಿದುಹೋಯಿತು. ಜನವರಿಯಲ್ಲಿ ಉತ್ತರ ಧ್ರುವಕ್ಕೆ ಸೂರ್ಯನೇ ಇಲ್ಲ. ಸಂಜೆಯ ಕತ್ತಲಲ್ಲಿ ಹೊರಟು, ಧ್ರುವದ ದೀರ್ಘರಾತ್ರಿಯನ್ನು ಹಾದು, ಬೆಳಗಾಗುವ ಮೊದಲೇ ಬೆಂಗಳೂರನ್ನು ಸೇರಿದ ಅವರಿಗೆ ಹೆಚ್ಚುಕಡಿಮೆ ಇಡೀ ದಾರಿಯೂ ಇರುಳಿನದೇ ಆಗಿತ್ತು. ಕೈಗಡಿಯಾರದ ಮುಳ್ಳನ್ನು ತಿರುಗಿಸಲು ಒಂದು ಕ್ಷಣ ಸಾಕು. ದೇಹದೊಳಗಿನ ಗಡಿಯಾರ ಅಷ್ಟು ಸುಲಭವಾಗಿ ತಿರುಗುವುದಿಲ್ಲ. ಹಗಲಿನಲ್ಲಿ ನಿದ್ರೆ, ನಡುರಾತ್ರಿಯಲ್ಲಿ ಹಸಿವು ಎಂಬ ಅವಸ್ಥೆ ಕೆಲವು ದಿನಗಳ ಕಾಲ ಪಯಣಿಗನನ್ನು ಕಾಡುತ್ತದೆ.

ಧ್ರುವದ ದಾರಿ ಹೊತ್ತನ್ನು ಉಳಿಸುವುದೇನೋ ನಿಜ; ಆದರೆ ಅದು ನಿರಪಾಯವಾದ ರಾಜಮಾರ್ಗವಲ್ಲ. 1926ರ ಮೇ 12ರಂದು ಆಮುಂಡ್ಸೆನ್, ಎಲ್ಸ್‌ವರ್ತ್, ನೊಬಿಲೆ ಮೊದಲಾದ ಸಾಹಸಿಗಳು 'ನಾರ್ಗೆ' ಎಂಬ ವಾಯುನೌಕೆಯಲ್ಲಿ ಉತ್ತರ ಧ್ರುವದ ಮೇಲೆ ಹಾದುಹೋದರು. 1954ರಲ್ಲಿ ಸ್ಕ್ಯಾಂಡಿನೇವಿಯದ ವಿಮಾನ ಸಂಸ್ಥೆಯೊಂದು ಕೋಪನ್‌ಹೇಗನ್ನಿನಿಂದ ಗ್ರೀನ್‌ಲೆಂಡಿನ ಮೂಲಕ ಲಾಸ್ ಏಂಜಲೀಸಿಗೆ ಉತ್ತರದ ದಾರಿಯಲ್ಲಿ ಪ್ರಯಾಣಿಕರನ್ನು ಕರೆದೊಯ್ಯತೊಡಗಿತು. ಆದರೂ ಅಲ್ಲಿನ ಕಷ್ಟಗಳು ಈಗಲೂ ಕಷ್ಟಗಳೇ. ಕಾಂತಧ್ರುವ ಸಮೀಪಿಸಿದಂತೆ ಸಾಮಾನ್ಯ ದಿಕ್ಸೂಚಿಯ ಮುಳ್ಳು ನಂಬಿಕೆಗೆ ತಪ್ಪುತ್ತದೆ. ಕಾಂತವನ್ನು ಅವಲಂಬಿಸದ ಬೇರೆ ಉಪಕರಣಗಳನ್ನು ನೆಚ್ಚಬೇಕು. ಸಮಭಾಜಕ ವೃತ್ತದ ಮೇಲೆ ಸ್ಥಿರವಾಗಿ ನಿಂತಂತೆ ತೋರುವ ಸಂಪರ್ಕ ಉಪಗ್ರಹಗಳಿಗೆ ಧ್ರುವಪ್ರದೇಶ ಭೂಮಿಯ ಬಾಗಿನ ಮರೆಯಲ್ಲಿ ಬೀಳುತ್ತದೆ. ರೇಡಿಯೋ ತರಂಗಗಳನ್ನೇ ನಂಬೋಣವೆಂದರೆ ಸೂರ್ಯನಲ್ಲಿ ಬಿರುಗಾಳಿಯೆದ್ದ ದಿನ ಅವೂ ಕೈಕೊಡುತ್ತವೆ. ಹೊರಗಿನ ಚಳಿ ರೆಕ್ಕೆಗಳೊಳಗಿನ ಇಂಧನವನ್ನು ಕೊರೆಯುತ್ತದೆ. ಅಮೆರಿಕದಲ್ಲಿ ತುಂಬಿಸುವ ಸಾಮಾನ್ಯ ವಿಮಾನ ಇಂಧನ ಸೊನ್ನೆಗಿಂತ 40 ಡಿಗ್ರಿ ಕೆಳಗೆ ಹೆಪ್ಪುಗಟ್ಟತೊಡಗಬಹುದು. ಇಂಧನದ ಉಷ್ಣತೆ ಆ ಗಡಿಯತ್ತ ಸರಿದರೆ ವೈಮಾನಿಕರು ವಿಮಾನವನ್ನು ಕೆಳಕ್ಕಿಳಿಸಿಯೋ ವೇಗವನ್ನು ಹೆಚ್ಚಿಸಿಯೋ ಅದನ್ನು ಬೆಚ್ಚಗಿಡಬೇಕು. ಒಂದು ಎಂಜಿನ್ ಕೆಟ್ಟರೆ ಇನ್ನೊಂದರ ಬಲದಿಂದ ಯಾವ ನಿಲ್ದಾಣವನ್ನು ಸೇರಬಹುದು ಎಂಬುದನ್ನು ಹೊರಡುವ ಮೊದಲೇ ಗೊತ್ತುಮಾಡಿಕೊಂಡಿರಬೇಕು. ಧ್ರುವದ ದಾರಿಯಲ್ಲಿ ಹೋಗುವ ಅಮೆರಿಕದ ವಿಮಾನಗಳಲ್ಲಿ ಕಡುಚಳಿಯ ಉಡುಪುಗಳು ಎರಡಾದರೂ ಇರಲೇಬೇಕೆಂದು ಅಲ್ಲಿನ ನಿಯಮವಿದೆ. ಹಿಮದ ಮೇಲೆ ಇಳಿಯಬೇಕಾಗಿ ಬಂದರೆ ಹೊರಗೆ ಹೆಜ್ಜೆಯಿಟ್ಟು ಕೆಲಸ ಮಾಡುವವರಿಗಾಗಿ ಈ ಏರ್ಪಾಡು. ಪ್ರಯಾಣಿಕನು ಕಂಬಳಿ ಹೊದ್ದು ನಿದ್ರಿಸುವ ಆ ಹದಿನೇಳು ಗಂಟೆಗಳಲ್ಲಿ ವೈಮಾನಿಕರು ಸರದಿಯ ಮೇಲೆ ಎಚ್ಚರವಾಗಿದ್ದು ಇವೆಲ್ಲವನ್ನೂ ನೋಡಿಕೊಳ್ಳುತ್ತಾರೆ.

ಗಾಳಿ, ಚಳಿಗಳಂತೆ ಮನುಷ್ಯನ ಜಗಳವೂ ದೂರವನ್ನು ಹೆಚ್ಚಿಸಬಲ್ಲುದು. ಶೀತಲ ಸಮರದ ಕಾಲದಲ್ಲಿ ಸೈಬೀರಿಯದ ಆಕಾಶ ಹೊರಗಿನ ವಿಮಾನಗಳಿಗೆ ಬಹುಮಟ್ಟಿಗೆ ಮುಚ್ಚಿತ್ತು. ಅದು ತೆರೆದ ಮೇಲೆಯೇ ಧ್ರುವದ ಈ ದಾರಿಗಳು ಬಳಕೆಗೆ ಬಂದುವು. 2022ರಲ್ಲಿ ಯುಕ್ರೇನಿನ ಯುದ್ಧ ಆರಂಭವಾದಾಗ ರಷ್ಯವು ಯೂರೋಪಿನ ಅನೇಕ ದೇಶಗಳ ವಿಮಾನಗಳಿಗೆ ತನ್ನ ಆಕಾಶವನ್ನು ಮತ್ತೆ ಮುಚ್ಚಿತು. ಫಿನ್ಲೆಂಡಿನ ರಾಜಧಾನಿ ಹೆಲ್ಸಿಂಕಿಯಿಂದ ಜಪಾನಿನ ಟೋಕಿಯೋವಿಗೆ ಒಂಬತ್ತೂವರೆ ಗಂಟೆಗಳಲ್ಲಿ ಹೋಗುತ್ತಿದ್ದ ವಿಮಾನಗಳು ಸುಮಾರು ಹದಿಮೂರು ಗಂಟೆ ಸುತ್ತಬೇಕಾಯಿತು. ಎರಡು ನಗರಗಳೂ ತಮ್ಮ ಸ್ಥಳದಿಂದ ಒಂದಂಗುಲವೂ ಕದಲಿರಲಿಲ್ಲ. ಅವುಗಳ ನಡುವಣ ಪಯಣ ಮಾತ್ರ ಮೂರೂವರೆ ಗಂಟೆ ಹಿಗ್ಗಿತು.

ಉಳಿಸಿದ ಹೊತ್ತಿಗೆ ತೆರಬೇಕಾದ ಬೆಲೆಯೂ ಇದೆ. ಆ ವಿಮಾನದ ತೊಟ್ಟಿಗಳಲ್ಲಿ 1,80,000 ಲೀಟರಿಗಿಂತ ಹೆಚ್ಚು ಇಂಧನ ಹಿಡಿಯುತ್ತದೆ. ಪಯಣದ ಮೊದಲ ಗಂಟೆಗಳಲ್ಲಿ, ಕೊನೆಯ ಗಂಟೆಗಳಿಗೆ ಬೇಕಾದ ಇಂಧನವನ್ನು ಹೊರುವುದಕ್ಕಾಗಿಯೇ ಸಾಕಷ್ಟು ಇಂಧನ ಉರಿದುಹೋಗುತ್ತದೆ. ದೂರದೂರಿಗೆ ಬುತ್ತಿ ಹೊತ್ತವನು ಆ ಬುತ್ತಿಯನ್ನು ಹೊರುವ ಬಲಕ್ಕಾಗಿಯೇ ಒಂದಿಷ್ಟು ಉಣ್ಣಬೇಕಾದಂತೆ. ಒಂದು ಕಿಲೋಗ್ರಾಂ ವಿಮಾನ ಇಂಧನ ಉರಿದರೆ ಮೂರು ಕಿಲೋಗ್ರಾಂಗಿಂತ ಹೆಚ್ಚು ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಭೂಮಿಯನ್ನು ಬಿಸಿಯಾಗಿಸುವ ಅನಿಲ ಅದು. ಯಾವ ಆರ್ಕ್ಟಿಕ್ ಹಿಮದ ಮೇಲಿನಿಂದ ವಿಮಾನ ಹಾರಿ ಬರುತ್ತದೆಯೋ ಆ ಹಿಮವೇ ವರ್ಷದಿಂದ ವರ್ಷಕ್ಕೆ ಕುಗ್ಗುತ್ತಿದೆ. ಹತ್ತಿರದ ದಾರಿಯನ್ನೂ ಅನುಕೂಲವಾದ ಗಾಳಿಯನ್ನೂ ಹುಡುಕುವುದು ಇಂಧನವನ್ನು ಉಳಿಸುವುದಕ್ಕಾಗಿ ಎಂಬುದು ನಿಜವಾದರೂ, ಹೋಗಲೇಬೇಕಾದ ಪಯಣ ಯಾವುದು, ಕೈಬಿಡಬಹುದಾದ ಪಯಣ ಯಾವುದು ಎಂಬ ವಿವೇಚನೆಯನ್ನು ಯಾವ ಯಂತ್ರವೂ ಮಾಡಿಕೊಡಲಾರದು. ಅದನ್ನು ಪಯಣಿಗನೇ ಮಾಡಬೇಕು.

ವಿವೇಕಾನಂದರು ಹಡಗು ಹತ್ತಿದ ವರ್ಷ ಬೆಂಗಳೂರಿಗೂ ಸ್ಯಾನ್ ಫ್ರಾನ್ಸಿಸ್ಕೊವಿಗೂ ನಡುವೆ ಇದ್ದ ಭೂಮಿಯ ಕಂಸ 126 ಅಂಶಗಳಷ್ಟು. ಇಂದೂ ಅದು ಅಷ್ಟೇ ಇದೆ. ಮುಂದೆಯೂ ಅಷ್ಟೇ ಇರುತ್ತದೆ. ಅದನ್ನು ಒಂದು ಕೂದಲೆಳೆಯಷ್ಟೂ ಕಿರಿದುಮಾಡಲು ಯಾರಿಂದಲೂ ಆಗಿಲ್ಲ. ಭೂಮಿ ಗುಂಡಗಿದೆ ಎಂಬುದನ್ನು ಮನಸಾರ ನಂಬಿ ದಾರವನ್ನು ಬಿಗಿದು ನೋಡಿದವರು, ಬಲೂನನ್ನು ಬಿಟ್ಟು ಗಾಳಿಯನ್ನು ಅಳೆದವರು, ಹಿಮದ ಕತ್ತಲಲ್ಲಿ ಇಂಧನದ ಉಷ್ಣತೆಯನ್ನು ಕಾಯುತ್ತ ಕುಳಿತವರು ಇವರೆಲ್ಲರ ಕೈಸೇರಿ 55 ದಿನಗಳು 17 ಗಂಟೆಗಳಾದುವು. ದೂರದೂರಿನಿಂದ ತಾಯಿಯ ಬಳಿಗೆ ಧಾವಿಸಿ ಬರುವ ಮಗನಿಗೆ ಆ ಗಂಟೆಗಳೂ ದೀರ್ಘವೇ. ಆದರೂ ಅವನು ಬಂದು ಸೇರುತ್ತಾನೆ. ಹಿಂದಿನ ಕಾಲದ ಮಗನಿಗೆ ಸುದ್ದಿ ತಲಪುವಷ್ಟರಲ್ಲಿಯೇ ಎಲ್ಲವೂ ಮುಗಿದಿರುತ್ತಿತ್ತು.

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ಹಿರಿಯರು ಹತ್ತಿರದ ದೂರವನ್ನು ಏನೆಂದು ಹೇಳುತ್ತಿದ್ದರು?
2. ಮಹಾವೃತ್ತ ಎಂದರೇನು?
3. ಓಯಿಶಿಯ ಸಂಶೋಧನೆಯನ್ನು ಹೊರಗಿನ ಪ್ರಪಂಚ ಏಕೆ ಗಮನಿಸಲಿಲ್ಲ?

ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ಉದ್ದವಾದ ದಾರಿ ಬೇಗನೆ ಮುಗಿಯುವುದು ಹೇಗೆ ಸಾಧ್ಯ? ಲೆಕ್ಕದೊಡನೆ ವಿವರಿಸಿರಿ.
2. ಧ್ರುವದ ದಾರಿಯಲ್ಲಿ ವೈಮಾನಿಕರು ಎದುರಿಸಬೇಕಾದ ಕಷ್ಟಗಳಾವುವು?
3. "ಎರಡು ನಗರಗಳೂ ತಮ್ಮ ಸ್ಥಳದಿಂದ ಒಂದಂಗುಲವೂ ಕದಲಿರಲಿಲ್ಲ." ಈ ಮಾತಿನ ಸಂದರ್ಭವನ್ನೂ ಸ್ವಾರಸ್ಯವನ್ನೂ ತಿಳಿಸಿರಿ.

ಇ) ಮಾಡಿ ನೋಡಿರಿ.
ಶಾಲೆಯ ಗೋಲದ ಮೇಲೆ ಬೆಂಗಳೂರಿನಿಂದ ಲಂಡನ್, ಟೋಕಿಯೋ, ನ್ಯೂಯಾರ್ಕ್ ನಗರಗಳಿಗೆ ದಾರವನ್ನು ಬಿಗಿದು ಹಿಡಿದು, ಅದು ಹಾದುಹೋಗುವ ದೇಶಗಳನ್ನು ಪಟ್ಟಿಮಾಡಿರಿ. ಅದೇ ನಗರಗಳಿಗೆ ಗೋಡೆಯ ಭೂಪಟದಲ್ಲಿ ಅಡಿಕೋಲಿನಿಂದ ಗೆರೆಯೆಳೆದು, ಎರಡು ದಾರಿಗಳನ್ನೂ ಹೋಲಿಸಿರಿ.